ಮರಾಕೇಶ್‌ನಲ್ಲಿ ಹಾಡು ಕೇಳೋಕೆ ಡಿನ್ನರ್ ಶೋ ಬೇಕಾ?

ಮೊರಾಕ್ಕೋದ ಮರಾಕೇಶ್‌ನಲ್ಲಿ ಮೂರು ರಾತ್ರಿ ಇರುತ್ತೇವೆ, ಅಲ್ಲಿನ ಹಳೇ ಸಂಗೀತ ಕೇಳೋಕೆ ಊಟದ ಜೊತೆಗಿನ ಶೋ ಬುಕ್ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ನಾನು ಮಾಡಿ ಕೈ ಸುಟ್ಟುಕೊಂಡೆ. ವಾದ್ಯದವರು ಬಂದು ನಾಲ್ಕು ನಿಮಿಷ ಬಾರಿಸಿದರು, ನಮ್ಮ ಜೊತೆ ಫೋಟೋಗೆ ನಿಂತರು, ಪಕ್ಕದ ಟೇಬಲ್‌ಗೆ ಹೋದರು. ಊಟವೂ ಸುಮಾರೇ.

ಸುಮ್ನೆ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಜಮಾ ಎಲ್ ಫ್ನಾ ಚೌಕಕ್ಕೆ ಹೋಗಿ. ಹಗಲಲ್ಲಿ ಹಾವಾಡಿಗರು, ಕೋತಿ ಆಡಿಸುವವರೇ ಜಾಸ್ತಿ, ಫೋಟೋ ತೆಗೆದರೆ ದುಡ್ಡಿಗೆ ಬೆನ್ನು ಹತ್ತುತ್ತಾರೆ. ಕತ್ತಲಾದ ಮೇಲೆ ಊಟದ ಅಂಗಡಿಗಳ ಹೊಗೆ ದಾಟಿ ಆಚೆ ಹೋದರೆ ಜನ ಅಲ್ಲಲ್ಲಿ ಗುಂಡಗೆ ನಿಂತಿರುತ್ತಾರೆ. ಅದಕ್ಕೆ ಹಲ್ಕಾ ಅನ್ನುತ್ತಾರೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಜನರ ಸುತ್ತೇ ರಂಗಮಂದಿರ. ಯುನೆಸ್ಕೋ 2001ರಲ್ಲಿ ಈ ಚೌಕವನ್ನು ಗುರುತಿಸಿದ್ದೂ ಇಲ್ಲಿ ಹಾಡುವವರು, ಕಥೆ ಹೇಳುವವರ ಸಲುವಾಗಿಯೇ.

ನೀವು ಹುಡುಕಬೇಕಾದ್ದು ಗ್ನಾವಾದವರ ಸುತ್ತು. ಸಹಾರಾ ದಾಟಿಸಿ ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ ಉಳಿಸಿಕೊಂಡು ಬಂದ ಸಂಗೀತ ಇದು. ಕವಡೆ ಹೊಲಿದ ಟೋಪಿ ನೋಡಿದರೆ ಗೊತ್ತಾಗುತ್ತದೆ. ಅವರಲ್ಲಿ ಹಿರಿಯರನ್ನು ಮಾಲೆಮ್ ಅನ್ನುತ್ತಾರೆ, ಗುಂಬ್ರಿ ಅವರ ಕೈಯಲ್ಲೇ ಇರುತ್ತದೆ. ಮರ ಕೊರೆದು ಮಾಡಿದ ಉದ್ದನೆಯ ಒಡಲು, ಮೇಲೆ ಒಂಟೆ ಚರ್ಮ, ಮೂರೇ ತಂತಿ. ತಂತಿ ಮೀಟುತ್ತಲೇ ಅದೇ ಬೆರಳುಗಳಿಂದ ಚರ್ಮವನ್ನೂ ತಟ್ಟುತ್ತಾರೆ, ಹಾಗಾಗಿ ತಂತಿವಾದ್ಯವೂ ಅದೇ, ಡೋಲೂ ಅದೇ. ಉಳಿದವರ ಕೈಯಲ್ಲಿ ಕರ್ಕಬ್, ಅಂದರೆ ಅಂಗೈಗಿಂತ ದೊಡ್ಡ ಕಬ್ಬಿಣದ ತಾಳಗಳು. ಅವು ಶುರುವಾದರೆ ಗುಂಬ್ರಿ ಮುಳುಗೇಹೋಗುತ್ತದೆ. ಅದಕ್ಕೇ ನಾನು ಎರಡನೇ ರಾತ್ರಿ ಮಾಲೆಮ್ ಪಕ್ಕಕ್ಕೆ ಹೋಗಿ ಕೂತೆ. ಆ ದಪ್ಪ ದನಿ ಕಿವಿಗಿಂತ ಮೊದಲು ಎದೆಗೆ ತಾಗಿತು, ನಿಜವಾಗಿಯೂ.

ಐದು ನಿಮಿಷಕ್ಕೆ ಎದ್ದು ಬರಬೇಡಿ. ಮೊದಲು ನಿಧಾನ, ಒಂದೇ ಸಾಲು ಸುತ್ತಿ ಸುತ್ತಿ ಬರುತ್ತದೆ, ಬೇಜಾರೂ ಆಗಬಹುದು, ಆಮೇಲೆ ಯಾವಾಗ ವೇಗ ಏರಿತು ಅಂತ ಗೊತ್ತೇ ಆಗುವುದಿಲ್ಲ. ಟೋಪಿ ಮುಂದೆ ಬಂದಾಗ ಹತ್ತು ದಿರ್ಹಮ್ ಹಾಕಿ. ನೋಟು ಹಿಡಿದು ಚಿಲ್ಲರೆ ಕೇಳಿದರೆ ನಿಮ್ಮ ಕಥೆ ಮುಗಿಯಿತು!

ಸುತ್ತಲಿನ ಕೆಫೆಗಳ ಟೆರೇಸ್‌ನಿಂದ ಚೌಕ ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿಗೆ ಎಲ್ಲ ಸುತ್ತುಗಳ ಸದ್ದೂ ಕಲಸಿಕೊಂಡು ಬರುತ್ತದೆ. ಚಹಾಕ್ಕೆ ಸರಿ, ಹಾಡಿಗಲ್ಲ. ರಂಜಾನ್ ತಿಂಗಳಲ್ಲಾದರೆ ಇಫ್ತಾರ್ ಮುಗಿಸಿಕೊಂಡು ತಡವಾಗಿ ಹೋಗಿ.

ಹೋಗುವುದು ಜೂನ್‌ನಲ್ಲಾದರೆ ಎಸ್ಸೌಯಿರಾದ ಗ್ನಾವಾ ಹಬ್ಬದ ದಿನ ಯಾವುದು ಅಂತ ನೋಡಿಕೊಳ್ಳಿ. 1998ರಿಂದ ನಡೆಯುತ್ತಿದೆ. ಮರಾಕೇಶ್‌ನಿಂದ ಬಸ್ಸಿನಲ್ಲಿ ಮೂರು ಗಂಟೆ ಸಾಕು. ರೂಮು ಮಾತ್ರ ಬೇಗ ಹಿಡಿದುಬಿಡಿ, ಸಣ್ಣ ಊರು ಅದು.