ಫ್ರೀಬಿಎಸ್‌ಡಿ ಕಲಿಯೋಕೆ ಎಲ್ಲಿಂದ ಶುರು ಮಾಡಬೇಕು?

ಮಂಡ್ಯದಲ್ಲಿ ಡಿಪ್ಲೊಮಾ ಓದ್ತಿದ್ದೀನಿ, ಹಳೇ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ (ಲಿನಕ್ಸ್ ತರಹದ ಒಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿದೀನಿ, ಕಲಿಯೋಕೆ ಮೈಸೂರಿಗೆ ಬಂದು ಕೋಚಿಂಗ್ ಸೇರಬೇಕಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ಖರ್ಚು.

ಫ್ರೀಬಿಎಸ್‌ಡಿಯವರದ್ದೇ ಹ್ಯಾಂಡ್‌ಬುಕ್ ಅವರ ವೆಬ್‌ಸೈಟಿನಲ್ಲಿ ಉಚಿತವಾಗಿದೆ. ಇನ್‌ಸ್ಟಾಲ್ ಮಾಡುವುದರಿಂದ ಹಿಡಿದು ನೆಟ್‌ವರ್ಕ್, ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಒಂದು ವ್ಯವಸ್ಥೆ) ತನಕ ಎಲ್ಲಾ ಇದೆ. ಪೂರ್ತಿ ಓದಲು ಹೋಗಬೇಡಿ, ಬೇಸಿಕ್ಸ್ ಅಧ್ಯಾಯ ಮುಗಿಸಿ, ಉಳಿದದ್ದು ಬೇಕಾದಾಗ.

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಆಸ್ತಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಮ್ಯಾನ್ ಪೇಜ್‌ಗಳು, ಅಂದರೆ ಕಮಾಂಡುಗಳ ಕೈಪಿಡಿ ಪುಟಗಳು. 'ಮ್ಯಾನ್' (man) ಅಂತ ಟೈಪ್ ಮಾಡಿ ಮುಂದೆ ಕಮಾಂಡಿನ ಹೆಸರು ಕೊಟ್ಟರೆ ಸಾಕು, ನೆಟ್ ಇಲ್ಲದಿದ್ದರೂ ವಿವರ ಬರುತ್ತದೆ, ಹೆಸರೇ ಗೊತ್ತಿಲ್ಲ ಅಂದರೆ 'ಅಪ್ರೊಪೊಸ್' (apropos) ಜೊತೆ ಸಂಬಂಧಪಟ್ಟ ಒಂದು ಇಂಗ್ಲಿಷ್ ಪದ ಹಾಕಿ ಹುಡುಕಿ. ಪೇಜಿನ ಹೆಸರಿನ ಪಕ್ಕ ಇರುವ ವಿಭಾಗದ ನಂಬರ್ ಗಮನಿಸಿ: 1 ಅಂದರೆ ಸಾಮಾನ್ಯ ಕಮಾಂಡು, 5 ಫೈಲಿನ ಸ್ವರೂಪ, 8 ಸಿಸ್ಟಂ ನಿರ್ವಹಣೆ. ಪಾಸ್‌ವರ್ಡ್ ಬದಲಿಸುವ 'passwd' ಕಮಾಂಡು 1ರಲ್ಲಿದೆ, ಅದೇ ಹೆಸರಿನ ಫೈಲಿನ ವಿವರ 5ರಲ್ಲಿ. 'ಹಯರ್' (hier) ಪೇಜ್ ತಪ್ಪದೆ ಓದಿ, ಯಾವ ಫೋಲ್ಡರಿನಲ್ಲಿ ಏನಿದೆ ಅಂತ ಅಲ್ಲಿ ಬರೆದಿದೆ.

ಯೂಟ್ಯೂಬಿನಲ್ಲಿ ಜಾಸ್ತಿ ಇರೋದು ಲಿನಕ್ಸ್ ಪಾಠ. ಶೆಲ್ (ಕಮಾಂಡು ಟೈಪ್ ಮಾಡುವ ಜಾಗ) ಕಲಿಯೋಕೆ ಪರವಾಗಿಲ್ಲ, ಆದರೆ ಸಾಫ್ಟ್‌ವೇರ್ ಹಾಕೋಕೆ ಅಲ್ಲಿ ಬಳಸುವ 'ಆಪ್ಟ್' (apt) ಇಲ್ಲಿ ಕೆಲಸ ಮಾಡಲ್ಲ, ಇಲ್ಲಿ 'ಪಿಕೆಜಿ' (pkg).