ನಾಲ್ಕು ಊರಿನ ಫೈರ್ ಇಂಜಿನ್, ಒಂದು ಮನೆ

ಮ್ಯಾಸಚೂಸೆಟ್ಸ್‌ಗೆ ಬಂದು ಎರಡು ತಿಂಗಳಾಯಿತು ಎಂದಿದ್ದೀರಿ. ಮೊನ್ನೆ ರಾತ್ರಿ ಹಿಂದಿನ ಬೀದಿಯ ಮನೆಗೆ ಬೆಂಕಿ ಬಿದ್ದಾಗ ನಾಲ್ಕು ಊರಿನ ಹೆಸರು ಬರೆದ ಫೈರ್ ಇಂಜಿನ್‌ಗಳು ಬಂದವಂತೆ. ನಮ್ಮ ಊರಿನಲ್ಲಿ ಜನ ಸಾಲದೇ, ಮರದ ಮನೆಯಲ್ಲಿ ಇರಲು ಭಯವಿಲ್ಲವೇ, ಇನ್ಶೂರೆನ್ಸ್ ಬೇಕೇ ಎಂದು ಕೇಳಿದ್ದೀರಿ.

ಇನ್ಶೂರೆನ್ಸ್ ಮಾಡಿಸಿ. ಬಾಡಿಗೆ ಮನೆಯಾದರೂ ಮಾಡಿಸಿ, ಮಾಲೀಕರ ಇನ್ಶೂರೆನ್ಸ್ ನಿಮ್ಮ ಸಾಮಾನಿಗೆ ಬರುವುದಿಲ್ಲ. ಮರದ ಮನೆ ಇಲ್ಲಿ ಮಾಮೂಲು, ಅಭ್ಯಾಸವಾಗುತ್ತದೆ. ಒಗ್ಗರಣೆಗೆ ಹೊಡೆದುಕೊಳ್ಳುತ್ತದೆ ಅಂತ ಸ್ಮೋಕ್ ಅಲಾರಂ ಬ್ಯಾಟರಿ ಮಾತ್ರ ತೆಗೆಯಬೇಡಿ. ಕಿಟಕಿ ತೆಗೆಯಿರಿ, ಸಾಕು.

ಇನ್ನು ನಾಲ್ಕು ಊರಿನ ಮಾತು. ದೊಡ್ಡ ಬೆಂಕಿಗೆ ಯಾವ ಸಣ್ಣ ಊರಿಗೂ ಜನ ಸಾಲುವುದಿಲ್ಲ. ಅದಕ್ಕೇ ಒಬ್ಬರಿಗೊಬ್ಬರು ನೆರವಿಗೆ ಬರಲು ಅಕ್ಕಪಕ್ಕದ ಊರುಗಳು ಮೊದಲೇ ಮಾತಾಡಿಕೊಂಡಿರುತ್ತವೆ. ಮ್ಯೂಚುಯಲ್ ಏಡ್ ಅಂತಾರೆ. ಬೆಂಕಿಯೊಳಗೆ ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯ ಲೆಕ್ಕದ್ದು. ಏದುಸಿರು ಬಿಡುತ್ತಾ ಕೆಲಸ ಮಾಡುವವರಿಗೆ ಅಷ್ಟೂ ಬರುವುದಿಲ್ಲ. ಒಳಗಿದ್ದವರು ಹೊರಗೆ ಬಂದರೆ ಬೇರೆಯವರು ಹೋಗಬೇಕು. ಒಳಗೆ ಸಿಕ್ಕಿಕೊಂಡವರನ್ನು ಎಳೆದು ತರಲು ಇನ್ನೊಂದು ತಂಡ ಬಾಗಿಲ ಬಳಿ ಸುಮ್ನೆ ಕಾಯುತ್ತಾ ನಿಂತಿರುತ್ತದೆ. ಒಂದು ಊರಿನ ಗಾಡಿ ಬೆಂಕಿಯ ಹತ್ತಿರವೂ ಬರದೆ, ಖಾಲಿಯಾದ ನಿಮ್ಮ ಊರಿನ ಸ್ಟೇಷನ್ನಿನಲ್ಲಿ ಹೋಗಿ ಕೂರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕರೆ ಬಂದರೆ? ಈ ದೇಶದಲ್ಲಿ ಬೆಂಕಿ ಆರಿಸುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವಾಲಂಟಿಯರ್‌ಗಳು. ಬೆಳಗ್ಗೆ ಅವರಿಗೆ ಬೇರೆ ಕೆಲಸ ಇರುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಈ ಊರಿನ ಮೇಲೆ ಪ್ರೀತಿ ಬರುತ್ತದೆ.

1904ರಲ್ಲಿ ಬಾಲ್ಟಿಮೋರ್ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಗಾಡಿಗಳು ಓಡಿಬಂದವು. ಆದರೆ ಹೊರಗಿನಿಂದ ಬಂದ ಎಷ್ಟೋ ಪೈಪುಗಳ ತುದಿಯ ತಿರುಪು ಅಲ್ಲಿನ ಹೈಡ್ರಂಟಿಗೆ, ಅಂದರೆ ಬೆಂಕಿ ಆರಿಸಲು ಬೀದಿ ಬದಿಯಲ್ಲಿ ಇಟ್ಟಿರುವ ನೀರಿನ ನಲ್ಲಿಗೆ, ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಪೈಪಿನ ಜೋಡಣೆಗೆ ದೇಶಕ್ಕೆಲ್ಲ ಒಂದೇ ಅಳತೆ ಬೇಕು ಎಂಬ ಮಾತಿಗೆ ಆಮೇಲೆ ಬಲ ಬಂತು.

ಹೈಡ್ರಂಟ್ ಅಂದೆನಲ್ಲ, ನಾನು ನಿಜವಾಗಿ ಹೇಳಬೇಕಾದ್ದು ಅದನ್ನೇ. ನನ್ನ ಮೊದಲ ಚಳಿಗಾಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಚಾವಣಿ ತುಂಬಾ ಕೆಂಪು ಬೆಳಕು ಸುತ್ತುತ್ತಿತ್ತು. ಎದುರು ಸಾಲಿನ ಮನೆಯ ಮೇಲಂತಸ್ತಿನಿಂದ ಬೆಂಕಿ ಬರುತ್ತಿತ್ತು. ಕಿಟಕಿಯಲ್ಲಿ ನಿಂತು ನೋಡಿದರೆ, ಒಬ್ಬ ನನ್ನ ಮನೆ ಮುಂದೆಯೇ ಮಂಡಿಯೂರಿ ಹಿಮ ಬಗೆಯುತ್ತಿದ್ದ. ಸಲಿಕೆ ಬಿಟ್ಟು ಕೈಯಿಂದ ಬಗೆಯತೊಡಗಿದ. ಆಗ ಹೊಳೆಯಿತು. ಹಿಂದಿನ ದಿನ ಕಾರಿಗೆ ದಾರಿ ಮಾಡುವಾಗ ಹಿಮವನ್ನೆಲ್ಲ ನಾನೇ ಅಲ್ಲಿ ಎಸೆದಿದ್ದೆ. ಒಂದು ತೆಳು ಕಂಬಿ, ತುದಿಯಲ್ಲಿ ಬಾವುಟ, ಮೇಲೆ ಕಾಣುತ್ತಿತ್ತು. ಕೆಳಗೆ ಹೈಡ್ರಂಟ್ ಇದೆ ಎಂಬ ಗುರುತು ಅದು. ಏನೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಇಂಜಿನ್ನಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 500ರಿಂದ 1,000 ಗ್ಯಾಲನ್ ನೀರು ಇರುತ್ತದೆ. ಅದು ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಹೈಡ್ರಂಟೇ ಗತಿ.

ಬೆಂಕಿ ಬಿದ್ದರೆ ಬೀದಿಯವರೆಲ್ಲ ಕೊಡ ಹಿಡಿದು ಓಡುವುದನ್ನು ನೋಡಿ ಬೆಳೆದವರು ನಾವು. ಅವತ್ತು ನಾನು ಮಾತ್ರ ಎಷ್ಟೋ ಹೊತ್ತು ಕಿಟಕಿಯಲ್ಲೇ ನಿಂತಿದ್ದೆ. ಬೈಯುತ್ತಾರೇನೋ ಎಂಬ ಭಯ, ಹೊಸಬರು ಎಂಬ ಸಂಕೋಚ. ಕೊನೆಗೆ ಸಲಿಕೆ ತಗೊಂಡು ಹೋದೆ. ಇಬ್ಬರೂ ಬಗೆದೆವು. ಅವನ ಕೋಟಿನ ಬೆನ್ನ ಮೇಲೆ ಪಕ್ಕದ ಊರಿನ ಹೆಸರಿತ್ತು. ಪೈಪು ಬಿಗಿದ ಮೇಲೆ 'ಥ್ಯಾಂಕ್ಸ್' ಅಂದ, ಅಷ್ಟೇ. ಮನೆಯವರು ಉಳಿದರು, ಮನೆ ಉಳಿಯಲಿಲ್ಲ. ಆ ಕೆಲವು ನಿಮಿಷ ಸಿಕ್ಕಿದ್ದರೆ ಏನಾಗುತ್ತಿತ್ತೋ, ಯಾರೂ ನನ್ನನ್ನು ಕೇಳಲಿಲ್ಲ. ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ನಿಮ್ಮ ಮನೆ ಮುಂದೆ ಹೈಡ್ರಂಟ್ ಇದೆಯಾ, ಇವತ್ತೇ ನೋಡಿ. ಹಿಮ ನಿಂತ ತಕ್ಷಣ ಸುತ್ತಲೂ ಮೂರಡಿ, ರಸ್ತೆಯ ತನಕ ದಾರಿ, ಇಷ್ಟು ಬಿಡಿಸಿಡಿ. ನೀವಿರುವುದು ನಮ್ಮಿಂದ ಅರ್ಧ ಗಂಟೆ ದೂರ ಅಲ್ವಾ? ಸಲಿಕೆ ಇನ್ನೂ ಕೊಂಡಿಲ್ಲದಿದ್ದರೆ ಹೇಳಿ, ನನ್ನ ಹತ್ತಿರ ಎರಡಿವೆ.