ವೈಟಾನ್‌ಗೆ ಗಂಧಕ ಯಾಕೆ ಹಿಡಿಯುವುದಿಲ್ಲ, ಓ-ರಿಂಗ್‌ನಲ್ಲಿ ಗುಳ್ಳೆ ಯಾಕೆ?

ನೀವು ಬೈಕಂಪಾಡಿಯಲ್ಲಿ ಹೊಸದಾಗಿ ವೈಟಾನ್ (ಫ್ಲೋರಿನ್ ಇರುವ ಕೃತಕ ರಬ್ಬರ್) ಓ-ರಿಂಗ್, ಅಂದರೆ ಸೋರದಂತೆ ತಡೆಯುವ ಬಳೆಯಾಕಾರದ ಸೀಲ್, ಮಾಡಲು ಹೊರಟಿದ್ದೀರಿ. ಗಂಧಕ ಹಾಕಿದರೆ ಕ್ಯೂರ್ ಆಗಲಿಲ್ಲ (ಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳಲಿಲ್ಲ), ಬಿಸ್‌ಫೀನಾಲ್ ಕಾಂಪೌಂಡ್ (ಬಿಸ್‌ಫೀನಾಲ್‌ನಿಂದ ಕ್ಯೂರ್ ಆಗುವ ರಬ್ಬರ್ ಮಿಶ್ರಣ) ತರಿಸಿದರೆ ಓವನ್‌ನಲ್ಲಿ ಗುಳ್ಳೆ ಬಂತು, ಅದೂ ಜೂನ್‌ನಿಂದ ಜಾಸ್ತಿ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಸೀಲ್ ಮಾಡುವ ಕೆಲಸ ನನ್ನದೂ ಹೌದು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಗಂಧಕ ಕೆಲಸ ಮಾಡಬೇಕಾದರೆ ರಬ್ಬರಿನ ಅಣು ಸರಪಳಿಯಲ್ಲಿ ಇಂಗಾಲಗಳ ನಡುವೆ ಜೋಡಿ ಬಂಧ ಇರಬೇಕು. ಸುಳ್ಯದ ತೋಟದ ರಬ್ಬರಿನಲ್ಲಿ ಅದು ಬೇಕಾದಷ್ಟಿದೆ. ವಿನೈಲಿಡೀನ್ ಫ್ಲೋರೈಡ್, ಹೆಕ್ಸಾಫ್ಲೋರೋಪ್ರೊಪಿಲೀನ್ ಸೇರಿಸಿ ಮಾಡಿದ ವೈಟಾನ್‌ನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಮೊದಲು ಜೋಡಿ ಬಂಧವನ್ನು ನಾವೇ ಹುಟ್ಟಿಸಬೇಕು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಫಾಸ್ಫೋನಿಯಂ ಲವಣ ಸೇರಿ ಸರಪಳಿಯಿಂದ ಹೈಡ್ರೋಜನ್ ಫ್ಲೋರೈಡನ್ನು ಕಿತ್ತು ಹಾಕುತ್ತವೆ. ಅಲ್ಲಿ ಉಳಿದ ಜೋಡಿ ಬಂಧಕ್ಕೆ ಬಿಸ್‌ಫೀನಾಲ್ ಎಎಫ್ ಒಂದು ತುದಿಯಿಂದ ಅಂಟುತ್ತದೆ, ಇನ್ನೊಂದು ತುದಿಯಿಂದ ಪಕ್ಕದ ಸರಪಳಿಯನ್ನು ಹಿಡಿಯುತ್ತದೆ.

ಕಿತ್ತು ಬಂದ ಈ ಹೈಡ್ರೋಜನ್ ಫ್ಲೋರೈಡ್ ಆಮ್ಲವನ್ನು ಹಾಗೇ ಬಿಟ್ಟರೆ ಅಚ್ಚು ತಿಂದುಹೋಗುತ್ತದೆ. ಅದಕ್ಕೇ 100 ಭಾಗ ರಬ್ಬರಿಗೆ ಸಾಮಾನ್ಯವಾಗಿ 3 ಭಾಗ ಮೆಗ್ನೀಸಿಯಂ ಆಕ್ಸೈಡ್, 6 ಭಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕುವುದು. ತೂಕ ಹೆಚ್ಚಿಸಲು ಹಾಕುವ ಪುಡಿಗಳಲ್ಲ ಇವು. ಆಮ್ಲವನ್ನು ನುಂಗಿ ಫ್ಲೋರೈಡ್ ಮತ್ತು ನೀರು ಮಾಡುತ್ತವೆ. ನಿಮ್ಮ ಗುಳ್ಳೆಯ ಮೂಲ ಈ ನೀರೇ.

ಅಚ್ಚು ಒತ್ತುವ ಪ್ರೆಸ್‌ನಲ್ಲಿ ಒತ್ತಡ ಇರುವವರೆಗೆ ನೀರು ಒಳಗೇ ಅಡಗಿರುತ್ತದೆ. ಆಮೇಲೆ ಓವನ್‌ನಲ್ಲಿ ಒಮ್ಮೆಲೇ 230 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಹಬೆಯಾಗಿ ಉಬ್ಬುತ್ತದೆ. ದಪ್ಪ ಸೀಲ್ ಆದರೆ ಮೆಟ್ಟಿಲು ಮೆಟ್ಟಿಲಾಗಿ ಬಿಸಿ ಏರಿಸಿ, ಕೊನೆಗೆ 200ರಿಂದ 230 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡಿ. ಓವನ್‌ನಲ್ಲಿ ಗಾಳಿ ಆಡಬೇಕು, ಹೊಗೆ ಶೆಡ್‌ನಿಂದ ಹೊರಗೆ ಹೋಗಬೇಕು. ಸಿಲಿಕೋನ್ ಸಾಮಾನನ್ನು ಮಾತ್ರ ಅದೇ ಓವನ್‌ಗೆ ಜೊತೆಯಾಗಿ ಇಡಲೇಬೇಡಿ, ಬೆಂಕಿಯ ಅಪಾಯ ಇದೆ.

ನಿಮ್ಮ ಗುಳ್ಳೆ ಜೂನ್‌ನಿಂದ ಜಾಸ್ತಿಯಾಗಿದೆ ಅಂದಿದ್ದೀರಿ, ಅಲ್ವಾ? ಹಾಗಾದರೆ ನನ್ನ ಮೊದಲ ಅನುಮಾನ ಪುಡಿಗಳ ಚೀಲದ ಮೇಲೆ. ನಮ್ಮ ಮಳೆಗಾಲದ ಗಾಳಿಗೆ ಹಪ್ಪಳ ಮೆತ್ತಗಾದಂತೆ ಮೆಗ್ನೀಸಿಯಂ ಆಕ್ಸೈಡ್ ಕೂಡ ನೀರು ಹೀರುತ್ತದೆ. ಜೊತೆಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಕಾರ್ಬೋನೇಟ್ ಆಗಿ ಸತ್ವ ಕಳೆದುಕೊಳ್ಳುತ್ತದೆ. ತೆರೆದ ಚೀಲ ಸುಮ್ನೆ ಮೂಲೆಯಲ್ಲಿ ಬೇಡ, ಗಾಳಿಯಾಡದ ಡಬ್ಬಿಗೆ ಹಾಕಿ. ಗಂಧಕದ ರಬ್ಬರ್ ಅರೆದ ಮಿಲ್ಲನ್ನು ಚೆನ್ನಾಗಿ ತೊಳೆದ ಮೇಲೆಯೇ ವೈಟಾನ್ ಹಾಕಿ.

ಗಿರಾಕಿಯ ಸೀಲ್ ಬಿಸಿನೀರು, ಹಬೆಯಲ್ಲಿ ಕೆಲಸ ಮಾಡುವಂಥದ್ದಾದರೆ ಈ ಬಿಸ್‌ಫೀನಾಲ್ ಕಾಂಪೌಂಡೇ ಬೇಡ. ಬ್ರೋಮಿನ್ ಅಥವಾ ಅಯೋಡಿನ್ ಇರುವ ಪೆರಾಕ್ಸೈಡ್ ಗ್ರೇಡ್ (ಪೆರಾಕ್ಸೈಡ್‌ನಿಂದ ಕ್ಯೂರ್ ಆಗುವ ವೈಟಾನ್) ಕೇಳಿ.